ಬುಡದ ಪಾಠ

ನಮ್ಮೂರ ಕಾಲೇಜಿನಲ್ಲಿ ಪ್ರೊಫೆಸರ್ ಬೆಳವಡಿಯವರು ವರ್ಷಾನುಗಟ್ಟಲೆಯಿಂದ ಕಂಪ್ಯೂಟರ್ ಪಾಠ ಮಾಡುತ್ತಿದ್ದಾರೆ. ಇವತ್ತಿನವರೆಗೆ ಒಬ್ಬನಿಗೂ ಏನೂ ಬಂದಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಕ್ಲಾಸಿನ ತುಂಬ ಜನರನ್ನು ಕೂಡಿಸಿ ಹೇಳಿದ್ದು ನಮ್ಮೂರಲ್ಲಿ ಯಾರ ತಲೆಗೂ ಹತ್ತುವುದಿಲ್ಲ, ಹೇಳಿದವರ ತಲೆಯಿಂದ ಇಳಿಯುವುದೂ ಇಲ್ಲ. ಹಾಗಾಗಿಯೇ ಕಾಲೇಜು ಚೆನ್ನಾಗಿ ನಡೆಯುತ್ತದೆ, ಗಂಟೆ ಹೊಡೆಯುತ್ತದೆ, ವರ್ಷಕ್ಕೊಮ್ಮೆ ಗ್ಯಾದರಿಂಗ್ ಆಗುತ್ತದೆ. ನಿಜವಾಗಿ ಏನಾದರೂ ಕಲಿಯಬೇಕೆಂದರೆ ಕಲಿಸುವವರೊಬ್ಬರು, ಕಲಿಯುವವರೊಬ್ಬರು, ಇಬ್ಬರೇ ಎದುರುಬದುರು ಕೂಡಬೇಕು. ಆಗ ವಿದ್ಯೆ ದಾಟುತ್ತದೆ. ದಾಟುತ್ತದೆ ಎಂದರೆ ದಾಟಿಯೇ ಬಿಡುತ್ತದೆ. ಕೊಟ್ಟವರ ಹತ್ತಿರ ಉಳಿಯುವುದಿಲ್ಲ.

ನನಗೆ ರೊಟ್ಟಿ ಬಡಿಯುವುದನ್ನು ಕೊಟ್ಟವಳು ಅವ್ವ. ಕೊಟ್ಟ ಮರುದಿನ ಹಿಟ್ಟಿನ ಮುಂದೆ ಕೂತು, ಅದೇನೋ ಬೇರೆಯವರ ಮನೆಯ ಸಾಮಾನು ಎಂಬಂತೆ ನೋಡಿದಳು. ಆದರೆ ರೊಟ್ಟಿ ಕೊಟ್ಟಳೇ ಹೊರತು ನಾಲಿಗೆ ಕೊಡಲಿಲ್ಲ. ಇವತ್ತಿಗೂ ನನ್ನ ಖಾನಾವಳಿಯ ಮೂಲೆಯಲ್ಲಿ ಕೂತು, "ಅಂಚು ಹಸಿ ಉಳದೈತಿ ನೋಡು, ಗಿರಾಕಿ ಮಂದಿ ಬಾಯಿಲೆ ಬೈಯೂದಿಲ್ಲ, ಮನಸಿನಾಗ ಬೈತಾರ" ಎನ್ನುತ್ತಾಳೆ. ಅಕ್ಷರವನ್ನು ನನಗೆ ಕೊಟ್ಟವಳೂ ಅವಳೇ. ತಂಗಿ ಕಸ್ತೂರಿಗೆ ಕೊಟ್ಟವನು ಅಪ್ಪ. ಆಮೇಲೆ ಸಾಯುವತನಕ ಅಪ್ಪ ಪೇಪರನ್ನು ತಲೆಕೆಳಗು ಹಿಡಿದುಕೊಂಡು ಕಟ್ಟೆಯ ಮೇಲೆ ಕೂಡುತ್ತಿದ್ದ. ನಾವು ತಿರುಗಿಸಿ ಕೊಟ್ಟರೆ, "ಇರಲಿ ಬಿಡ್ರವಾ, ನನಗ ಎರಡೂ ಒಂದ" ಎನ್ನುತ್ತಿದ್ದ. ಯಾರಿಗೂ ಅದೊಂದು ದುಃಖವೆಂದು ಅನ್ನಿಸಿರಲಿಲ್ಲ. ಹಲ್ಲು ಬೀಳುವ ವಯಸ್ಸಿಗೆ ಹಲ್ಲು ಬೀಳುತ್ತದೆ, ಕೊಡುವ ವಯಸ್ಸಿಗೆ ಕೊಡಬೇಕಾಗುತ್ತದೆ ಎಂದುಕೊಂಡಿದ್ದೆವು.

ಖಾನಾವಳಿ ನಡೆಸುವ ನನಗೆ ಪ್ರೋಗ್ರಾಮಿಂಗ್ ಯಾಕೆ ಬೇಕಾಯಿತು ಎಂದರೆ ಕಸ್ತೂರಿಗಾಗಿ. ನರಗಳು ಒಂದೊಂದಾಗಿ ಸೋಲುವ ರೋಗಕ್ಕೆ ಅವಳು ಬಿದ್ದಳು. ಮೊದಲು ಕಾಲು ಹೋಯಿತು, ಆಮೇಲೆ ನಾಲಿಗೆ ಹೋಯಿತು. ಊರಿಗೆಲ್ಲ ಅಡ್ಡಹೆಸರಿಟ್ಟು ನಗಿಸುತ್ತಿದ್ದ ಹುಡುಗಿ ಬಾಯಿ ತೆರೆದರೆ ಬರೀ ಉಸಿರು ಬರುತ್ತಿತ್ತು. ನಾನು ಅತ್ತು ಅತ್ತು ಬೇಯುತ್ತಿದ್ದ ರೊಟ್ಟಿಯನ್ನೆಲ್ಲ ಸುಟ್ಟ ದಿನಗಳವು. ಆಗ ಪ್ರೋಗ್ರಾಮಿಂಗ್ ಬಲ್ಲ, ಕಣ್ಣು ಮಂಜಾಗತೊಡಗಿದ್ದ ಅಡಿವೆಪ್ಪ ಮಾಸ್ತರರು ಅವಳಿಗೊಂದು ಪೆಟ್ಟಿಗೆ ಮಾಡಿಕೊಟ್ಟರು. ಪೆಟ್ಟಿಗೆಯ ಪರದೆಯ ಮೇಲೆ ಅಕ್ಷರಗಳ ಸಾಲು, ಸಾಲಿನ ಮೇಲೆ ಓಡುವ ಒಂದು ಬೆಳಕು. ಬೇಕಾದ ಅಕ್ಷರದ ಮೇಲೆ ಬೆಳಕು ಬಂದಾಗ ಅವಳು ತೋರುಬೆರಳಿನಿಂದ ಗುಂಡಿ ಒತ್ತಬೇಕು. ಅಕ್ಷರ ಕೂಡಿ ಮಾತಾದ ಕೂಡಲೇ ಪೆಟ್ಟಿಗೆ ಅದನ್ನು ಆಡಿ ತೋರಿಸುತ್ತದೆ. ದನಿ ಮಾತ್ರ ಮಾಸ್ತರರದೇ, ನಶ್ಯ ಏರಿಸಿದ ಮೂಗಿನದು. ಬೇರೆ ಯಾರ ದನಿ ತುಂಬಲಿ ಎಂದು ಅವರಿಗೆ ತೋಚಲಿಲ್ಲವಂತೆ. ಕಸ್ತೂರಿ ಆ ದನಿಯಲ್ಲಿ ಆಡಿದ ಮೊದಲ ಮಾತು, "ಅಕ್ಕಾ, ನನಗ ಮೀಸಿ ಬಂದಂಗ ಅನಸಾಕತ್ತೈತಿ." ಅವತ್ತು ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ನಗು ಬಹಳ ದಿನ ಉಳಿಯಲಿಲ್ಲ. ಬೆರಳೂ ಸೋಲತೊಡಗಿತು. ಬೆಳಕು ಅಕ್ಷರವನ್ನು ದಾಟಿಹೋದ ಮೇಲೆ ಅವಳ ಬೆರಳು ಒತ್ತುತ್ತಿತ್ತು. ನೀರು ಕೇಳಹೋಗಿ ಮತ್ತೇನೋ ಕೇಳುತ್ತಿದ್ದಳು. ಇನ್ನು ಉಳಿಯುವುದು ಕಣ್ಣಿನ ರೆಪ್ಪೆಯೊಂದೇ ಎಂದು ಡಾಕ್ಟರು ಹೇಳಿದರು. ಮಾಸ್ತರರು ಅದನ್ನು ಮೊದಲೇ ಊಹಿಸಿ, ರೆಪ್ಪೆ ಬಡಿದದ್ದನ್ನು ಹಿಡಿಯುವ ಒಂದು ಕನ್ನಡಕವನ್ನು ಮಾಡಿಟ್ಟಿದ್ದರು. ಆದರೆ ಕನ್ನಡಕದ ಮಾತು ಪೆಟ್ಟಿಗೆಗೆ ತಿಳಿಯುವಂತೆ ಪ್ರೋಗ್ರಾಮನ್ನು ಬದಲಿಸುವ ಮೊದಲೇ ಅವರ ಕಣ್ಣುಗಳೇ ಪೂರಾ ಹೋದವು. ಬಾಯಲ್ಲಿ ಹೇಳಿ ಬರೆಸೋಣವೆಂದರೆ ಅದೂ ಪಾಠವೇ. ಹೇಳಿದ ತುಣುಕೆಲ್ಲ ಅವರಿಂದ ಹೋಗುತ್ತಿತ್ತು, ಬರೆದುಕೊಂಡವರಿಗೆ ಅರ್ಧಂಬರ್ಧ ಉಳಿಯುತ್ತಿತ್ತು.

ಹಾಗಾಗಿ ನಾನು ಗುರುವನ್ನು ಹುಡುಕಿಕೊಂಡು ಹೊರಟೆ. ಕುರುಡಾದವರ ಬಳಿ ಇದೊಂದೇ ಉಳಿದಿದೆ, ಅದನ್ನೂ ಹೇಗೆ ಕೇಳುವುದು ಎಂದು ಮಾಸ್ತರರ ಮನೆಯನ್ನು ಬಿಟ್ಟು ಬೇರೆ ಎಲ್ಲ ಕಡೆ ಹೋದೆ. ಬೆಳವಡಿಯವರು ಚಹಾ ಕುಡಿಸಿ, "ನನ್ನ ಕ್ಲಾಸಿಗೆ ಬಂದು ಕೂಡ್ರಿ, ಯಾರೂ ಬ್ಯಾಡ ಅನ್ನೂದಿಲ್ಲ" ಎಂದರು. ಒಬ್ಬಳಿಗೇ ಕಲಿಸಿರಿ ಎಂದಾಗ ಅವರ ಮುಖ ಬಿಳಚಿತು. "ಕಲಿಸಿದರ ನಾಳೆ ಕ್ಲಾಸಿನ್ಯಾಗ ನಾ ಏನ್ ಹೇಳ್ಲಿ?" ಎಂದರು. ಹೇಳಿದರೂ ಯಾರಿಗೂ ಬರುವುದಿಲ್ಲವಲ್ಲ ಎಂಬ ಮಾತು ನನ್ನ ತುಟಿಯವರೆಗೆ ಬಂದಿತ್ತು, ಚಹಾದ ಜೊತೆ ನುಂಗಿದೆ. ಟೆಲಿಫೋನ್ ಆಫೀಸಿನವರ ಮನೆಯ ಸೊಸೆಗೆ ಬರುತ್ತದೆಂದು ಕೇಳಿ ಅಲ್ಲಿಗೂ ಹೋದೆ. ಆಕೆ ಕದ ಅರ್ಧ ತೆರೆದು, ತವರಿನಿಂದ ತಂದದ್ದು ಇದೊಂದೇ, ಇದನ್ನೂ ಕೊಟ್ಟರೆ ಈ ಮನೆಯಲ್ಲಿ ನನ್ನನ್ನು ಯಾರು ಮಾತಾಡಿಸುತ್ತಾರೆ ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ದಾರಿಯುದ್ದಕ್ಕೂ ದೇವರ ಮೇಲೆ ಬಂತು.

ಕೊನೆಗೆ ಮಾಸ್ತರರೇ ಕೋಲು ಊರಿಕೊಂಡು ಖಾನಾವಳಿಗೆ ಬಂದರು. "ಶಾವಂತ್ರಿ, ಊರೆಲ್ಲಾ ತಿರಗಿದ್ಯಂತ. ನನ್ನ ಮನಿ ಒಂದ ನಿನಗ ಕಾಣಲಿಲ್ಲೇನು? ಕುರುಡ ನಾನೋ ನೀನೋ?" ಎಂದರು. ನಾನು ಅವರ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಅವರು ಕೇಳಿದ್ದು ಎರಡೇ. ದಿನಾ ಬಿಸಿ ರೊಟ್ಟಿ. ಮತ್ತು ಪಾಠ ಮುಗಿದ ಮೇಲೆ ಕಸ್ತೂರಿಯ ಹತ್ತಿರ ಒಂದಿಷ್ಟು ಹೊತ್ತು ಕೂಡುವುದು. "ನನ್ನ ದನ್ಯಾಗ ನನಗ ಬೈಯಾಕಿ ಆಕಿ ಒಬ್ಬಾಕಿನ" ಎಂದು ನಕ್ಕರು.

ನಮ್ಮೂರಲ್ಲಿ ಪಾಠ ತುದಿಯಿಂದ ಶುರುವಾಗುತ್ತದೆ. ಬುಡ ಮೊದಲು ಕೊಟ್ಟುಬಿಟ್ಟರೆ ಮೇಲಿನದು ಕೊಟ್ಟವನಿಗೇ ಅರ್ಥವಾಗದೆ ಒಳಗೇ ಕೊಳೆಯುತ್ತದೆ. ಅವ್ವ ನನಗೆ ಮೊದಲು ಕಲಿಸಿದ್ದು ಬೆಂದ ರೊಟ್ಟಿಯನ್ನು ಹಂಚಿನಿಂದ ಇಳಿಸುವುದನ್ನು. ಹಿಟ್ಟಿಗೆ ಬಿಸಿನೀರು ಹಾಕುವುದು ಎಲ್ಲಕ್ಕಿಂತ ಕೊನೆಗೆ. ಕಲಿಯುವವರು ಬುಡ ಬರುವತನಕ ಬಾಯಿ ಮುಚ್ಚಿಕೊಂಡಿರಬೇಕು, ಯಾಕೆ ಎಂದು ಕೇಳಬಾರದು. ನನ್ನಂಥ ಬಾಯಿಬಡಕಿಗೆ ಅದು ಎಂಥ ಶಿಕ್ಷೆಯೆಂದು ನನಗೇ ಗೊತ್ತು. ಹಿಂದಿನ ಕೋಣೆಯಲ್ಲಿ ಕದ ಹಾಕಿಕೊಂಡು ಕೂಡುತ್ತಿದ್ದೆವು. ಪರದೆಯ ಮೇಲಿನ ಸಾಲನ್ನು ನಾನು ಓದಬೇಕು, ಅವರು ಕಣ್ಣು ಮುಚ್ಚಿ ಕೇಳಿ ಹೇಳಬೇಕು. ದನಿ ಹೊರಡಿಸುವುದು ಮೊದಲು ಬಂತು. ಆಮೇಲೆ ಅಕ್ಷರ ಕೂಡಿಸಿ ಮಾತು ಮಾಡುವುದು. ಆಮೇಲೆ ಲೂಪು: ಗುಂಡಿ ಒತ್ತುವತನಕ ಬೆಳಕು ಸುತ್ತುತ್ತಲೇ ಇರಬೇಕು, ಒತ್ತಿದರೆ ನಿಲ್ಲಬೇಕು. ನನ್ನ ತಲೆಯಲ್ಲಿ ಚಾವಣಿ ಮೊದಲು ಬಂದು ಗಾಳಿಯಲ್ಲಿ ನಿಂತಿತ್ತು, ಕೆಳಗೆ ಗೋಡೆಯೇ ಇಲ್ಲ. ಹೀಗೇ ಒಂದೊಂದಾಗಿ ಕೆಳಗಿಳಿದೆವು.

ಮಾಸ್ತರರು ಬರಿದಾಗುವುದು ಕಣ್ಣೆದುರಿಗೇ ಕಾಣುತ್ತಿತ್ತು. ಒಂದು ದಿನ ಹಿಂದಿನ ಪಾಠವನ್ನು ಗಟ್ಟಿ ಮಾಡಿಕೊಳ್ಳೋಣವೆಂದು ಅವರೇ ಬರೆದಿದ್ದ ಲೂಪನ್ನು ಓದಿ ಹೇಳಿದೆ. ಕಿವಿಗೊಟ್ಟು ಕೇಳಿದರು. "ತಿಳೀಲಿಲ್ಲ. ಆದರ ಕೇಳಾಕ ಭಾಳ ಚಂದ ಐತಿ. ಇದನ್ನ ಬರದಾವ ಯಾರವಾ? ಶಾಣ್ಯಾ ಅದಾನ" ಎಂದರು. ನೀವೇ ಎನ್ನುವ ಬದಲು, "ಯಾರೋ ಹಳೇ ಮಂದಿ ಇರಬೇಕ್ರಿ" ಎಂದೆ. ಕುರುಡಾದ ಮೇಲೆ ಅವರಿಗೊಂದು ಚಾಳಿ ಬಿದ್ದಿತ್ತು. ಸುಮ್ಮನೆ ಕೂತಾಗ ಬಲಗೈ ಬೆರಳಿನಿಂದ ಎಡ ಅಂಗೈಯ ಮೇಲೆ ಏನಾದರೂ ಬರೆದುಕೊಳ್ಳುತ್ತಿದ್ದರು, ತಮ್ಮ ಹೆಸರು, ಸತ್ತ ಹೆಂಡತಿಯ ಹೆಸರು. ಅವತ್ತು ಬಹಳ ಹೊತ್ತು ಹಾಗೆ ಬರೆಯುತ್ತ ಕೂತಿದ್ದರು.

ಶ್ರಾವಣದ ಹೊತ್ತಿಗೆ ಬುಡದ ಪಾಠವೊಂದೇ ಉಳಿಯಿತು. "ನಾಳೆ ಕೊಟ್ಟಬಿಡ್ತೇನಿ. ಆಮ್ಯಾಲೆ ನಾ ನಿಮ್ಮನಿ ರೊಟ್ಟಿ ತಿನ್ನೂ ಮುದುಕ ಅಷ್ಟ" ಎಂದು ನಕ್ಕು, ಎಂದಿನಂತೆ ಕಸ್ತೂರಿಯ ಕೋಣೆಗೆ ಹೋದರು. ಅವ್ವ ಖಾನಾವಳಿಯಲ್ಲಿದ್ದಳು. ನಾನು ಹಿಟ್ಟು ಬೀಸಿಸಿಕೊಂಡು ಬರಲು ಗಿರಣಿಗೆ ಹೋದೆ. ಆ ಹೊತ್ತಿನಲ್ಲಿ ಮನೆಯಲ್ಲಿದ್ದವರು ಅವರಿಬ್ಬರೇ.

ಮರುದಿನ ಮಾಸ್ತರರು ಬಂದರು, ಕದ ಹಾಕಿಕೊಂಡೆವು. ಅವರು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. "ಏನೋ ಇತ್ತವಾ" ಎಂದರು. ಮತ್ತೆ ಹಣೆ ಒತ್ತಿಕೊಂಡು, "ಇಲ್ಲೇ ಇತ್ತು, ಎಲ್ಲಾದರ ಕೆಳಗ ಇತ್ತು. ಎಲ್ಲಿ ಹೋತು?" ಎಂದು ಸಣ್ಣ ಮಕ್ಕಳ ಹಾಗೆ ತಡಕಾಡಿದರು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅವರದೇ ದನಿ, ಅವರದೇ ಮೂಗಿನಲ್ಲಿ ನಿಧಾನವಾಗಿ ಕೇಳಿಸಿತು: "ಅದು ನನ್ನ ಕಡೆ ಐತಿ."

ಏನಾಗಿತ್ತೆಂದರೆ ಕಸ್ತೂರಿ ಅವರನ್ನು ಕೇಳಿದ್ದಳು: ಮಾಸ್ತರ, ನಾ ಒತ್ತಿದ್ದು ಈ ಪೆಟಗಿಗೆ ಹೆಂಗ ತಿಳೀತೈತಿ? ನನ್ನ ಮಾತು ಎಲ್ಲಿಂದ ಬರ್ತೈತಿ? ನಮ್ಮೂರಲ್ಲಿ ಸುದ್ದಿ ಹೇಳಿದರೆ ಸುದ್ದಿ ಹೋಗುವುದಿಲ್ಲ, ಕಥೆ ಹೇಳಿದರೆ ಕಥೆ ಹೋಗುವುದಿಲ್ಲ. ಮಾಸ್ತರರು ಕಥೆಯೆಂದೇ ಹೇಳಿದರು. ಪೆಟ್ಟಿಗೆಗೆ ಗೊತ್ತಿರುವುದು ಹೌದು ಮತ್ತು ಅಲ್ಲ ಎಂಬ ಎರಡೇ ಮಾತು, ಆ ಎರಡನ್ನೇ ಸಾಲಾಗಿ ಜೋಡಿಸಿ ಒಂದೊಂದು ಅಕ್ಷರಕ್ಕೂ ಒಂದೊಂದು ಗುರುತು ಮಾಡಿದ್ದೇನೆ ಎಂದು, ಆ ಗುರುತುಗಳನ್ನೆಲ್ಲ ಮಗ್ಗಿ ಒಪ್ಪಿಸಿದಂತೆ ಅವಳಿಗೆ ಒಪ್ಪಿಸಿದ್ದರು. ಹೇಳುವ ಸುಖದಲ್ಲಿ ಕಥೆ ಪಾಠವಾಗಿಹೋದದ್ದು, ಇಬ್ಬರೇ ಇರುವುದು ಅವರ ಗಮನಕ್ಕೆ ಬಂದಿರಲಿಲ್ಲ. "ಭಾಳ ದಿವಸದ ಮ್ಯಾಲೆ ಒಬ್ಬಾಕಿ ಯಾಕ ಅಂತ ಕೇಳಿದಳವಾ" ಎಂದು ಕಣ್ಣೊರೆಸಿಕೊಂಡರು. ನಾನು ಬೈಯಬೇಕೆಂದು ಬಾಯಿ ತೆರೆದವಳು, ಹೋಗಿ ಅವರಿಗೆ ರೊಟ್ಟಿ ಬಡಿದೆ.

ಇನ್ನು ಆ ಪಾಠವನ್ನು ಕಸ್ತೂರಿಯೇ ನನಗೆ ಕೊಡಬೇಕಿತ್ತು, ಸೋಲುತ್ತಿರುವ ಬೆರಳಿನಿಂದ. ಗಿರಾಕಿಗಳ ಗದ್ದಲ ಮುಗಿದ ಮಧ್ಯಾಹ್ನಗಳಲ್ಲಿ ನಾನು ಅವಳ ಮಂಚದ ಪಕ್ಕ ಕೂಡುತ್ತಿದ್ದೆ. ಒಂದು ಸಾಲು ಹೇಳುವಷ್ಟರಲ್ಲಿ ಅವಳ ಹಣೆಯೆಲ್ಲ ಬೆವರು. ಸಾಕು ಮಾಡು ಎಂದರೆ, "ನಿನ್ನ ರೊಟ್ಟಿಕಿಂತ ಲಗೂನ ಆಗ್ತೈತಿ, ಕೂಡು" ಎಂದು ಪೆಟ್ಟಿಗೆಯಿಂದ ಮೂಗಿನ ದನಿ. ನವರಾತ್ರಿಯ ದೀಪ ಹಾಕುವ ಹೊತ್ತಿಗೆ ಮಾತಿನಲ್ಲಿ ಹೇಳುವ ಭಾಗ ಮುಗಿದು ಅಕ್ಷರಗಳ ಗುರುತುಗಳಷ್ಟೇ ಉಳಿದವು. ಅದಕ್ಕೆ ಮಾತು ಬೇಕಿರಲಿಲ್ಲ. ಒಂದು ಅಕ್ಷರವನ್ನು ಒತ್ತುವಳು, ಆಮೇಲೆ ಅದರ ಹೌದು-ಅಲ್ಲಗಳನ್ನು ಒತ್ತುವಳು, ಮುಂದಿನದಕ್ಕೆ ಹೋಗುವಳು. 'ಅ' ಹೇಳಿದ ಮೇಲೆ ಅವಳ ಬೆರಳು ಸ್ವಲ್ಪ ನಿಂತಿತು. ನನ್ನನ್ನು ನೋಡಿದಳು. ದಣಿವಾಯಿತೇ ಎಂದು ಕೇಳಿದೆ. ಇಲ್ಲವೆಂದು ಎರಡು ಸಲ ರೆಪ್ಪೆ ಬಡಿದು 'ಆ' ಒತ್ತಿದಳು. 'ಳ' ತನಕ ಹೇಳಿ ಮುಗಿಸಿದಾಗ ನನ್ನ ತಲೆಯೊಳಗೆ ಗಾಳಿಯಲ್ಲಿ ತೂಗುತ್ತಿದ್ದದ್ದೆಲ್ಲ ಒಮ್ಮೆಲೇ ನೆಲ ಕಂಡಿತು. ಎಲ್ಲ ತಿಳಿಯಿತು! ನಾನು ಹುಚ್ಚಿಯಂತೆ ಅವಳ ಕೆನ್ನೆಗೆ ಮುದ್ದು ಕೊಟ್ಟೆ. ಆಮೇಲೆ ಅವಳು ಗುಂಡಿ ಒತ್ತಲೇ ಇಲ್ಲ. ಬೆರಳು ಹೋಯಿತು ಎಂದು ಅವ್ವ ಅತ್ತಳು. ಬೆರಳು ನಿಜಕ್ಕೂ ಹೋಗಿತ್ತು, ಮುಟ್ಟಿದರೆ ತಣ್ಣಗೆ ಬಿದ್ದಿರುತ್ತಿತ್ತು. ಇರಲಿ, ರೆಪ್ಪೆ ಇದೆ, ನನಗೆ ವಿದ್ಯೆ ಬಂದಿದೆ ಎಂದು ನಾನು ಧೈರ್ಯ ಹೇಳಿದೆ.

ಪೆಟ್ಟಿಗೆಯ ಮುಂದೆ ಕೂತು ಪ್ರೋಗ್ರಾಮನ್ನು ಬದಲಿಸಿದೆ. ಎಷ್ಟು ಸಲ ತಪ್ಪಿದೆನೋ, ಎಷ್ಟು ಸಲ ಕೀಬೋರ್ಡನ್ನು ಎತ್ತಿ ಒಗೆಯಬೇಕೆಂದುಕೊಂಡೆನೋ. ದೀಪಾವಳಿಗೆ ಅದು ಒಲಿಯಿತು. ಕಸ್ತೂರಿಗೆ ಕನ್ನಡಕ ತೊಡಿಸಿದೆ. ಅವ್ವ, ಮಾಸ್ತರರು ಇಬ್ಬರೂ ಮಂಚದ ಪಕ್ಕ ಕೂತರು. ಬೆಳಕು ಓಡಿತು. ಕಸ್ತೂರಿ ರೆಪ್ಪೆ ಬಡಿದಳು, ಬೆಳಕು ನಿಂತಿತು. ಮತ್ತೆ ಬಡಿದಳು, ಮತ್ತೆ ನಿಂತಿತು. ಪೆಟ್ಟಿಗೆ ಮಾತಾಡಿತು: "ಟಝಣೈ." ನಾನು ನಾಚಿಕೊಂಡು ಎಲ್ಲ ಸಾಲನ್ನೂ ಮತ್ತೆ ನೋಡಿದೆ. ನನ್ನದೇ ತಪ್ಪೆಂದುಕೊಂಡೆ. ಎಲ್ಲಿಯೂ ತಪ್ಪಿಲ್ಲ. ಮತ್ತೆ ನೋಡಿದೆ. "ಘಊಪ" ಎಂದಿತು. ನನಗೆ ಸಿಟ್ಟು ತಡೆಯಲಿಲ್ಲ. "ಚ್ಯಾಷ್ಟಿ ಮಾಡೂ ಹೊತ್ತೇನ ಇದು!" ಎಂದು ಕೂಗಿದೆ.

"ಆಕಿಗಿ ಬೈಬ್ಯಾಡ" ಎಂದಳು ಅವ್ವ. ಅವಳು ಪರದೆಯನ್ನು ನೋಡುತ್ತಿರಲಿಲ್ಲ, ಕಸ್ತೂರಿಯ ಕಣ್ಣುಗಳನ್ನು ನೋಡುತ್ತಿದ್ದಳು. "ನಿನಗ ಅಕ್ಷರ ಕೊಟ್ಟ ಮರುದಿವಸ ನಾನೂ ಅಂಗಡಿ ಬೋರ್ಡ್ ಹಿಂಗ ನೋಡಿದ್ದೆ."

ತುಂಬಿದ ಕೊಡಕ್ಕೆ ಸುರಿದರೂ ಸುರಿದ ನೀರು ಹೋದಂತೆಯೇ. ನನಗೆ ಅಕ್ಷರ ಇದ್ದೇ ಇತ್ತು. ಆದರೂ ಕಸ್ತೂರಿ ಒಂದೊಂದನ್ನೂ ಎತ್ತಿ ಅದರ ಗುರುತಿನ ಜೊತೆ ನನಗೆ ಕೊಟ್ಟಿದ್ದಳು. ಇದ್ದವರಿಗೆ ಕೊಡುವ ಮೂರ್ಖರು ನಮ್ಮೂರಲ್ಲಿ ಯಾರೂ ಇರದ ಕಾರಣ ಯಾರಿಗೂ ಅದು ಹೊಳೆದಿರಲಿಲ್ಲ. ನಾನೂ ಅವ್ವನೂ ಅಳತೊಡಗಿದೆವು. ಮಾಸ್ತರರು ಮಾತ್ರ ಮೇಲೆದ್ದರು. "ಇದಕ್ಯಾಕ ಅಳ್ತೀರಿ? ಕುರುಡಗ ಅಕ್ಷರ ಯಾತಕ ಬೇಕು? ನಾ ಕೊಡ್ತೇನಿ" ಎಂದು ತಡವುತ್ತಾ ಹೋಗಿ ಕಸ್ತೂರಿಯ ಅಂಗೈಯನ್ನು ಬಿಡಿಸಿ ತಮ್ಮ ಬೆರಳನ್ನಿಟ್ಟರು. ನಾನೂ ಅವ್ವನೂ ಅವರಿಬ್ಬರನ್ನೇ ಬಿಟ್ಟು ಹೊರಗೆ ಬಂದು ಕಾದೆವು. ಒಳಗೆ ಹೋಗಿ ನೋಡಿದರೆ ಬೆರಳು ಇಟ್ಟಲ್ಲೇ ಇತ್ತು, ಒಂದು ಗೆರೆಯೂ ಎಳೆದಿರಲಿಲ್ಲ. "ಹೆಂಗ ಶುರು ಮಾಡೂದವಾ 'ಅ'?" ಎಂದು ಅವರು ನನ್ನನ್ನು ಕೇಳಿದರು. ಕಸ್ತೂರಿಗೆ ಗುರುತು ಒಪ್ಪಿಸಿದ ಶ್ರಾವಣದ ಆ ದಿನವೇ ಅವರ ಅಕ್ಷರವೂ ಹೋಗಿತ್ತು. ಕಣ್ಣಿಲ್ಲದವರಿಗೆ ಹೋದದ್ದು ಗೊತ್ತಾಗಿರಲಿಲ್ಲ. ಅಂಗೈಯ ಮೇಲೆ ಹೆಂಡತಿಯ ಹೆಸರು ಬರೆಯುವುದನ್ನು ಬಿಟ್ಟಿದ್ದಾರೆ ಎಂಬುದನ್ನು ನಾವಾದರೂ ನೋಡಬೇಕಿತ್ತು. ಅವರು ಗೋಡೆ ಹಿಡಿದುಕೊಂಡು ಮನೆಗೆ ಹೋದರು. ಸಂಕ್ರಾಂತಿ ನೋಡಲಿಲ್ಲ.

ಯಾರನ್ನು ಕೇಳುವುದು? ಮಕ್ಕಳಿದ್ದವರು ಮಕ್ಕಳಿಗೆ ಇಟ್ಟುಕೊಂಡಿರುತ್ತಾರೆ, ಇಲ್ಲದವರು ತಮಗೆ. ಉಳಿದದ್ದು ನನ್ನದು. ಅಕ್ಷರ ಕೊಟ್ಟರೆ ಪ್ರೋಗ್ರಾಮಿನ ಒಂದು ಸಾಲನ್ನೂ ನಾನು ಓದಲಾರೆ. ಮಾಸ್ತರರು ಬರಿದಾಗಿ, ಕಸ್ತೂರಿ ಬರಿದಾಗಿ ನನಗೆ ಬಂದದ್ದು ನನ್ನೊಳಗೇ ಕೊಳೆಯುತ್ತದೆ. ಪೆಟ್ಟಿಗೆ ಇನ್ನು ಹೇಗಿದೆಯೋ ಹಾಗೆಯೇ. ನಾಳೆ ಅದಕ್ಕೇನಾದರೂ ಆದರೆ, ಕಸ್ತೂರಿಗೆ ಮತ್ತೇನಾದರೂ ಆದರೆ, ತಿದ್ದುವವರು ಊರಲ್ಲೇ ಇಲ್ಲ. ಇದನ್ನೆಲ್ಲ ಅವಳೂ ಬಲ್ಲಳು. ದೀಪಾವಳಿಯ ಮರುದಿನ ಮಧ್ಯಾಹ್ನ ಅವ್ವನನ್ನು ಖಾನಾವಳಿಗೆ ಕಳಿಸಿ ನಾನು ಮಂಚದ ಮೇಲೆ ಹತ್ತಿ ಕೂತಾಗ ಅವಳಿಗೆ ತಿಳಿದುಹೋಯಿತು. ಎರಡು ಸಲ ರೆಪ್ಪೆ ಬಡಿದಳು. ಬೇಡ. ಮತ್ತೆ ಎರಡು ಸಲ. ಬೇಡ. "ನಿನ್ನ ಯಾರ ಕೇಳಿದರು?" ಎಂದೆ. ಅವಳು ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು. ಕಣ್ಣು ಮುಚ್ಚಿಕೊಳ್ಳಬಹುದು, ಕಿವಿ ಮುಚ್ಚಿಕೊಳ್ಳಲಾರಳು, ಕೈಯನ್ನೂ ಎಳೆದುಕೊಳ್ಳಲಾರಳು. ಅವಳ ಅಂಗೈಯನ್ನು ಬಿಡಿಸಿ ಹಿಡಿದುಕೊಂಡು, ಅ ಎಂದು ಗಟ್ಟಿಯಾಗಿ ಹೇಳಿ ಬರೆದೆ. ಮುಚ್ಚಿದ ರೆಪ್ಪೆಗಳ ಸಂದಿಯಿಂದ ಅವಳಿಗೆ ನೀರು ಹರಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. ಬರೆದ ಒಂದೊಂದೂ ಬೆರಳಿನ ತುದಿಯಿಂದ ಇಳಿದು ಹೋದದ್ದು ನನಗೆ ಗೊತ್ತಾಗುತ್ತಿತ್ತು. ಮುಗಿಸಿ ತಲೆಯೆತ್ತಿದಾಗ ಗೋಡೆಯ ಕ್ಯಾಲೆಂಡರಿನ ಮೇಲೆ ಯಾರೋ ಸಾಸಿವೆ ಎರಚಿದಂತಿತ್ತು.

ಕನ್ನಡಕ ತೊಡಿಸಿದೆ. ಅವಳು ರೆಪ್ಪೆ ಬಡಿದಳು. ಪೆಟ್ಟಿಗೆ ಮಾಸ್ತರರ ಮೂಗಿನಲ್ಲಿ ಹೇಳಿತು: "ಹುಚ್ಚಿ."

"'ಅ' ಹೋದ ಕೂಡಲೆ ನಿನಗ ಗೊತ್ತಾಗಿತ್ತಲ್ಲ, ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ದರ ನೀ ನಿಲ್ಲಿಸ್ತಿದ್ದಿ" ಎಂದಿತು ಪೆಟ್ಟಿಗೆ.

ಇದೆಲ್ಲ ಆಗಿ ಎರಡು ಬೇಸಿಗೆ ಕಳೆದವು. ಖಾನಾವಳಿಯ ಬೋರ್ಡಿನಲ್ಲಿ ಒಂದು ಅಕ್ಷರ ಅಳಿಸಿಹೋದರೂ ನನಗೆ ತಿಳಿಯಲಿಲ್ಲ, ಗಿರಾಕಿಗಳು ಹೇಳಿದರು. ಪೆಟ್ಟಿಗೆಯ ಸಾಲುಗಳು ಈಗಲೂ ನನ್ನ ತಲೆಯಲ್ಲಿ ಎಲ್ಲೋ ಇವೆ. ಇರುವುದು ಗೊತ್ತಾಗುತ್ತದೆ, ಕೈಗೆ ಸಿಗುವುದಿಲ್ಲ. ಈ ಕಥೆಯನ್ನು ನಾನು ಹೇಳುತ್ತಿದ್ದೇನೆ, ಕಸ್ತೂರಿ ರೆಪ್ಪೆ ಬಡಿದು ಬರೆಯುತ್ತಿದ್ದಾಳೆ. ಬರೆಯುವಾಗ ಪೆಟ್ಟಿಗೆಯ ದನಿ ಆರಿಸಬೇಕು ಎಂದು ಅವಳ ಹಟ, ಶಬ್ದಕ್ಕೊಮ್ಮೆ ನಾನು ಬಾಯಿ ಹಾಕುತ್ತೇನಂತೆ. ನನ್ನ ಬೈಗುಳಗಳಲ್ಲಿ ಎಷ್ಟನ್ನು ತೆಗೆದಿದ್ದಾಳೋ, ನನ್ನ ಮಾತನ್ನು ಎಷ್ಟು ನುಣುಪು ಮಾಡಿದ್ದಾಳೋ. ಹೇಳಿದ್ದೆಲ್ಲ ಬರೆದೆಯಾ ಎಂದು ಕೇಳಿದರೆ ಒಮ್ಮೆ ರೆಪ್ಪೆ ಬಡಿಯುತ್ತಾಳೆ. ಹೌದು ಎಂದರ್ಥ. ಈಗೊಂದು ತಿಂಗಳಿನಿಂದ ಆ ಹೌದು ತಡವಾಗಿ ಬರುತ್ತಿದೆ. ಬೆಳಕು ಅಕ್ಷರವನ್ನು ದಾಟಿಹೋದ ಮೇಲೆ ಅವಳ ಎಡರೆಪ್ಪೆ ಬೀಳುತ್ತಿದೆ. ಅವ್ವನಿಗೆ ಇದನ್ನು ಹೇಳಿಲ್ಲ. ಕಸ್ತೂರಿಗೂ ಹೇಳಿರಲಿಲ್ಲ, ಈಗ ಬರೆದುಕೋ ಎಂದು ಹೇಳಿದ್ದೇನೆ. ಈ ಸಾಲುಗಳನ್ನು ಅವಳು ಬರೆದಳೋ, ಬಿಟ್ಟಳೋ, ಓದಿ ನೋಡಲು ನನಗೆ ಬರುವುದಿಲ್ಲ.